ಹೌದ್ರಿ, ಲಿನಕ್ಸ್‌ನಾಗ ಗೇಮ್ ನಡೀತಾವ

ನಡೀತಾವ. ಉತ್ತರ ಇಷ್ಟೇ. ಲಿನಕ್ಸ್ ಅಂದರೆ ವಿಂಡೋಸ್ ಬದಲು ಕಂಪ್ಯೂಟರ್ ನಡೆಸುವ, ಪುಕ್ಕಟೆ ಸಿಗುವ ಆಪರೇಟಿಂಗ್ ಸಿಸ್ಟಮ್. ಇನ್ನು ಮುಂದೆ ಯಾರಾದರೂ "ಲಿನಕ್ಸ್‌ನಾಗ ಗೇಮ್ ನಡೀತಾವೇನು?" ಅಂದರೆ ಇದರ ಕೊಂಡಿ ಕಳಿಸಿ ಸುಮ್ಮನಾಗುವವನಿದ್ದೇನೆ. ರಾಯಚೂರಿನ ಬಿಸಿಲಲ್ಲಿ ನಿಂತು ಒಂದೇ ಮಾತನ್ನು ಹತ್ತು ಸಲ ಹೇಳುವ ತಾಳ್ಮೆ ನನಗಿಲ್ಲ.

ಪ್ರಶ್ನೆಗಿಂತ ಕೇಳುವ ಧಾಟಿ ತಲೆ ಕೆಡಿಸುತ್ತದೆ. "ಪುಕ್ಕಟೆ ಅಂತ ಹಾಕ್ಕೊಂಡಿಯೇನು?" ಅನ್ನುವವರ ಕಂಪ್ಯೂಟರಿನ ಮೂಲೆಯಲ್ಲಿ "ವಿಂಡೋಸ್ ಆಕ್ಟಿವೇಟ್ ಮಾಡಿ" ಎಂಬ ಮಬ್ಬು ಅಕ್ಷರ ಮೂರು ವರ್ಷದಿಂದ ಕೂತಿದೆ. ಪುಕ್ಕಟೆ ಯಾರದು?

ನನ್ನ ಕಂಪ್ಯೂಟರಿನದು ಇಂಟೆಲ್‌ನ ಆರನೇ ತಲೆಮಾರಿನ ಐ5 ಪ್ರೊಸೆಸರು. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಒಪ್ಪುವ ಇಂಟೆಲ್ ಪ್ರೊಸೆಸರುಗಳ ಪಟ್ಟಿ ಹೆಚ್ಚುಕಡಿಮೆ ಎಂಟನೇ ತಲೆಮಾರಿನಿಂದ ಶುರು. ಇನ್ನೂ ಹೊಲ ಹೂಡುವ ಎತ್ತನ್ನು ಸಂತೆಗೆ ಹೊಡೆಯಲು ಮನಸ್ಸಾಗದೆ ಲಿನಕ್ಸಿನದೇ ಒಂದು ಬಗೆಯಾದ ಲಿನಕ್ಸ್ ಮಿಂಟ್ ಹಾಕಿದೆ. ಮೊದಲ ದಿನವೇ ವೈಫೈ ಡಾಂಗಲ್ ಕೈಕೊಟ್ಟಿತು. ಮೊಬೈಲನ್ನು ಕೇಬಲ್ಲಿನಿಂದ ಜೋಡಿಸಿ ನೆಟ್ ಎಳೆದುಕೊಂಡೆ. ಇದನ್ನು ಮನೆಯಲ್ಲಿ ಯಾರಿಗೂ ಹೇಳಿಲ್ಲ.

ಹೋದ ಸಲ ಗೃಹಪ್ರವೇಶದ ಊಟದಲ್ಲಿ ಅಣ್ಣನ ಮಗ ಪಕ್ಕಕ್ಕೆ ಕೂತ. ಇಂಜಿನಿಯರಿಂಗ್ ಓದುವ ಹುಡುಗ.

"ಕಾಕಾ, ವ್ಯಾಲೊರಂಟ್ ನಡೀತದೇನು?"

"ಇಲ್ಲ."

"ಮತ್ತೇನು ಉಪಯೋಗ ಅದು?"

ಸಾಲಿಗೆ ಸಾಲೇ ನಕ್ಕಿತು. ತುಪ್ಪ ಬಡಿಸುತ್ತಿದ್ದವನೂ ಸೌಟು ಹಿಡಿದು ನಿಂತು ನಕ್ಕ, ನನ್ನ ಹೋಳಿಗೆಗೆ ತುಪ್ಪ ಬೀಳಲೇ ಇಲ್ಲ.

ಆವತ್ತು ನುಂಗಿಕೊಂಡ ಮಾತು ಇಲ್ಲಿ ಹೇಳುತ್ತೇನೆ. ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್ ನಡೆಸುವ ವಾಲ್ವ್ ಕಂಪನಿ 2018ರಲ್ಲಿ ಪ್ರೋಟಾನ್ ಬಿಟ್ಟಿತು. ಅದು ದುಭಾಷಿ ಇದ್ದಂತೆ. ಗೇಮು ವಿಂಡೋಸಿನ ಚಿತ್ರ ಬಿಡಿಸುವ ಭಾಷೆಯಾದ ಡೈರೆಕ್ಟ್‌ಎಕ್ಸ್‌ನಲ್ಲಿ "ಇಲ್ಲೊಂದು ಗೋಡೆ ಬಿಡಿಸು" ಅಂದರೆ, ಇದು ಅದನ್ನು ಲಿನಕ್ಸಿಗೆ ತಿಳಿಯುವ ವಲ್ಕನ್‌ಗೆ ತಿರುಗಿಸಿ ಗ್ರಾಫಿಕ್ಸ್ ಕಾರ್ಡಿಗೆ ಮುಟ್ಟಿಸುತ್ತದೆ. ತೆಲುಗಿನಲ್ಲಿ ರೇಟು ಕೇಳಿ, ಕನ್ನಡದಲ್ಲಿ ಪಟ್ಟಿ ಬರೆದು, ಉರ್ದುವಿನಲ್ಲಿ ಜಗಳಾಡುವ ನಮ್ಮೂರವರಿಗೆ ಇದರಲ್ಲಿ ಅರ್ಥವಾಗದ್ದೇನಿದೆ? 2022ರಲ್ಲಿ ಬಂದ, ಕೈಯಲ್ಲಿ ಹಿಡಿದು ಗೇಮ್ ಆಡುವ ಸ್ಟೀಮ್ ಡೆಕ್ ಓಡುವುದೂ ಲಿನಕ್ಸ್ ಮೇಲೇ. ಎಲ್ಡೆನ್ ರಿಂಗ್ ನಡೆಯುತ್ತದೆ. ಡೋಟಾ 2, ಕೌಂಟರ್-ಸ್ಟ್ರೈಕ್ 2ಕ್ಕೆ ದುಭಾಷಿಯೂ ಬೇಡ.

ವ್ಯಾಲೊರಂಟ್ ನಡೆಯುವುದಿಲ್ಲ, ಒಪ್ಪಿದೆ. ಆಟದಲ್ಲಿ ಮೋಸ ಹಿಡಿಯುವ ಅದರ ಆ್ಯಂಟಿ-ಚೀಟ್ ವಿಂಡೋಸಿನ ತಿರುಳಾದ ಕರ್ನಲ್ಲಿನಲ್ಲೇ ಕೂತು ಕಾವಲು ಕಾಯಬೇಕು. ನಡೆಯುತ್ತಿದ್ದ ಏಪೆಕ್ಸ್ ಲೆಜೆಂಡ್ಸ್ ಕೂಡ 2024ರಲ್ಲಿ ಲಿನಕ್ಸಿಗೆ ಬಾಗಿಲು ಹಾಕಿತು. ಅದನ್ನೇ ಆಡುವವರು ವಿಂಡೋಸ್ ಬಿಡಬೇಡಿ. ನಾನೇನು ಮನೆಮನೆಗೆ ಅಕ್ಷತೆ ಕೊಟ್ಟು ಕರೆಯುತ್ತಿಲ್ಲ.

ನನಗೆ ಬೇಜಾರೆಂದರೆ, "ಕನ್ನಡ ಹೆಂಗ ಬರೀತಿ?" ಅಂತ ಒಬ್ಬರೂ ಕೇಳಿಲ್ಲ. ನನಗೆ ಹೆದರಿಕೆ ಇದ್ದದ್ದೇ ಅಲ್ಲಿ. ಅಪ್ಪ ನಿವೃತ್ತ ಮಾಸ್ತರು. ಅವ್ವ ಹಾಡುತ್ತಿದ್ದ ದಾಸರ ಪದಗಳನ್ನೆಲ್ಲ ವರ್ಷಗಟ್ಟಲೆ ಹಳೆಯ "ನುಡಿ" ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟಿದ್ದಾರೆ. ಮಿಂಟ್‌ನಲ್ಲಿ ಫೈಲ್ ತೆರೆದರೆ ತಲೆಮೇಲೆ ಗೀರು, ಚುಕ್ಕೆ ಹೊತ್ತ ಇಂಗ್ಲಿಷ್ ಅಕ್ಷರಗಳ ಜಾತ್ರೆ. ಅಪ್ಪನ ಮುಖ ನೋಡಲಾಗಲಿಲ್ಲ. ಫಾಂಟ್ ಹಾಕಿದ ಮೇಲೆ ಪದಗಳೇನೋ ಕಂಡವು. ಆದರೆ ಮಾನ್ವಿಯ ಜಗನ್ನಾಥದಾಸರ ಅಂಕಿತ "ಜಗನ್ನಾಥವಿಠಲ" ಎಂದು, ಈಗ ಎಲ್ಲೆಡೆ ನಡೆಯುವ ಅಕ್ಷರ ಸಂಕೇತವಾದ ಯೂನಿಕೋಡ್‌ನಲ್ಲಿ ಹುಡುಕಿದರೆ ಒಂದೂ ಸಿಗದು. ಕಣ್ಣಿಗೆ ಕನ್ನಡ, ಒಳಗೆ ಇಂಗ್ಲಿಷ್ ಸಂಕೇತ. ಈ ರೋಗ ಲಿನಕ್ಸಿನದಲ್ಲ, ಆ ಫೈಲನ್ನು ಎಲ್ಲಿ ತೆರೆದರೂ ಇದ್ದದ್ದೇ. ಎಲ್ಲವನ್ನೂ ಯೂನಿಕೋಡ್‌ಗೆ ಬದಲಿಸಿ, ದಾರಿ ತಪ್ಪಿದ ಅರ್ಕಾವತ್ತುಗಳನ್ನು ಒಂದೊಂದಾಗಿ ಸರಿಪಡಿಸುವಷ್ಟರಲ್ಲಿ ಎರಡು ತಿಂಗಳು ಹಿಡಿಯಿತು. ಆ ಎರಡು ತಿಂಗಳು ಒಂದು ಗೇಮೂ ಆಡಿಲ್ಲ.

ಲಿನಕ್ಸಿನಲ್ಲಿ ಬೇರೆ ಭಾಷೆ ಟೈಪ್ ಮಾಡಿಸುವ ಐಬಸ್‌ನಲ್ಲಿ ಕೆಜಿಪಿ ಕೀಲಿಮಣೆ ಸಿಕ್ಕಿತು, ಅಪ್ಪನ ಬೆರಳಿಗೆ ರೂಢಿಯಾದದ್ದೇ. ಎಫ್ ಒತ್ತಿದರೆ ಒತ್ತಕ್ಷರ, ಡಬ್ಲ್ಯು ಒತ್ತಿದರೆ ಡ. ಕನ್ನಡಕ ಮೂಗಿನ ತುದಿಗಿಳಿಸಿ "ಜಗನ್ನಾಥವಿಠಲ" ಎಂದು ಬಡಿದರು. ಪದಗಳು ಸಾಲಾಗಿ ಬಂದವು. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ನನ್ನ ಕಡೆ ತಿರುಗಿದರು.

"ಮೊದಲಿನದ್ರಾಗ ಇಸ್ಪೀಟ್ ಇತ್ತಲ್ಲ. ಇದ್ರಾಗ ಆ ಗೇಮ್ ನಡೀತದೇನು?"