ಚಿತ್ರವಿಲ್ಲದ ಚಿತ್ರಕಾರ

ಒಂದೂವರೆ ಗಂಟೆಯ ಸಿನಿಮಾ ಮೊನ್ನೆ ಭಾನುವಾರ ಮಧ್ಯಾಹ್ನ ಶುರುವಾಗಿ ಮುಗಿಯುವಷ್ಟರಲ್ಲಿ ಕತ್ತಲಾಗಿತ್ತು. ನಿಲ್ಲಿಸಿ, ಹಿಂದಕ್ಕೆ ಓಡಿಸಿ, ಮತ್ತೆ ನೋಡಿದ್ದೇ ಹೆಚ್ಚು. ಜಾನ್ ಮೇಬರಿಯ 'ಲವ್ ಈಸ್ ದಿ ಡೆವಿಲ್' (1998) ಚಿತ್ರಕಾರ ಫ್ರಾನ್ಸಿಸ್ ಬೇಕನ್ ಮತ್ತು ಅವನ ಸಂಗಾತಿ ಜಾರ್ಜ್ ಡೈಯರ್ ಕತೆ. ನೋಡುವಾಗ ಬೇಕನ್‌ನ ಚಿತ್ರಗಳ ಪುಸ್ತಕ ಪಕ್ಕದಲ್ಲಿರಲಿ. ಯಾಕೆಂದರೆ ಹಕ್ಕುದಾರರು ಅನುಮತಿ ಕೊಡದಿದ್ದರಿಂದ ಅವನ ಕ್ಯಾನ್ವಾಸುಗಳನ್ನು ಸಿನಿಮಾದಲ್ಲಿ ತೋರಿಸುವ ಹಾಗೇ ಇರಲಿಲ್ಲ.

ಮೇಬರಿ ಇದನ್ನೇ ದಾರಿ ಮಾಡಿಕೊಂಡ. ವಕ್ರ ಮಸೂರಗಳ ಮೂಲಕ, ಗಾಜಿನ ಮೂಲಕ ನೋಡಿದಂತೆ ದೃಶ್ಯ ತೆಗೆದ. ಲಂಡನ್ನಿನ ಸೋಹೋದ ಕಾಲೊನಿ ರೂಮ್ ಕ್ಲಬ್ಬಿನಲ್ಲಿ ಕುಡಿಯುತ್ತ ಕೂತವರ ಕೆನ್ನೆ ಉಬ್ಬುತ್ತದೆ, ಮೂಗು ಪಕ್ಕಕ್ಕೆ ಜಾರುತ್ತದೆ. ಅಲ್ಲಿ ನಿಲ್ಲಿಸಿ ಪುಸ್ತಕ ತೆರೆದರೆ ಅಂಥದ್ದೇ ಮುಖಗಳು. ಚಿತ್ರ ತೋರಿಸಲು ಬಿಡದಿದ್ದಕ್ಕೆ ಬೇಕನ್‌ನ ಕಣ್ಣನ್ನೇ ತಂದು ಕೂರಿಸಿದ ಹಾಗಿದೆ.

ಬೇಕನ್ (ಡೆರೆಕ್ ಜಾಕೊಬಿ) ಕನ್ನಡಿಯೆದುರು ಸಿಂಗರಿಸಿಕೊಳ್ಳುವ ದೃಶ್ಯವನ್ನು ಮೂರು ಸಲ ನೋಡಿದೆ. ಹಲ್ಲಿಗೆ ಪಾತ್ರೆ ತಿಕ್ಕುವ ವಿಮ್ ಪುಡಿ, ತಲೆಗೂದಲಿಗೆ ಬೂಟ್ ಪಾಲಿಶ್. ಕಲ್ಪನೆಯಲ್ಲ, ನಿಜವಾಗಿ ಅವನಿಗಿದ್ದ ಅಭ್ಯಾಸಗಳೇ. ವಯಸ್ಸು ಮರೆಮಾಚುತ್ತ ಹೊರಡುವ ಗಂಡಸನ್ನು ಸಿನಿಮಾ ಗೇಲಿ ಮಾಡುವುದಿಲ್ಲ, ಅಯ್ಯೋ ಪಾಪ ಅನ್ನುವುದೂ ಇಲ್ಲ. ಸಲಿಂಗಿ ಕಲಾವಿದರ ಬಯೋಪಿಕ್‌ಗಳು ಎಡವುವುದು ಸಾಮಾನ್ಯವಾಗಿ ಇಲ್ಲೇ. ಸಂಗಾತಿಯನ್ನು 'ಗೆಳೆಯ' ಮಾಡಿಬಿಡುತ್ತವೆ, ಇಲ್ಲವೇ ಪ್ರೀತಿಗೆ ಶಿಕ್ಷೆಯಾಗಿ ಕಾಯಿಲೆ ತರುತ್ತವೆ. ರಾಕ್ ಗಾಯಕ ಫ್ರೆಡ್ಡಿ ಮರ್ಕ್ಯುರಿ ಕುರಿತ 2018ರ ಸಿನಿಮಾ ಅವನಿಗೆ ಎಚ್‌ಐವಿ ಇದೆಯೆಂದು ತಿಳಿದದ್ದನ್ನು 1985ರ ಲೈವ್ ಏಡ್ ಸಂಗೀತ ಕಾರ್ಯಕ್ರಮಕ್ಕಿಂತ ಹಿಂದಕ್ಕೆ ತಳ್ಳಿತು; ಸಾಮಾನ್ಯವಾಗಿ ಹೇಳುವ ವರ್ಷ 1987. ವೇದಿಕೆ ಏರುವ ಮುಂಚೆ ಕಣ್ಣೀರು ಬೇಕಿತ್ತು, ಅಷ್ಟೆ.

ಹಾಗಂತ ಮೇಬರಿ ಸತ್ಯಸಂಧನೇನೂ ಅಲ್ಲ. ಡೈಯರ್ (ಡೇನಿಯಲ್ ಕ್ರೇಗ್) ಕಳ್ಳತನಕ್ಕೆ ಬಂದು ಗಾಜಿನ ಚಾವಣಿಯಿಂದ ಸ್ಟುಡಿಯೊದೊಳಕ್ಕೆ ಬೀಳುತ್ತಾನೆ. ಇದು ಜನ ಹೇಳಿಕೊಂಡು ಬಂದ ಕತೆ. ಬೇಕನ್ ಹೇಳಿದಂತೆ ಇಬ್ಬರೂ ಪರಿಚಯವಾದದ್ದು 1963ರಲ್ಲಿ, ಸೋಹೋದ ಪಬ್ಬಿನಲ್ಲಿ. ಬೀಳುವ ದೃಶ್ಯ ಚೆನ್ನಾಗಿದೆ, ಆದರೆ ಅದರಿಂದ ಡೈಯರ್ ಮೊದಲ ನೋಟಕ್ಕೇ ಬೇಟೆಯಾಗಿಬಿಡುತ್ತಾನೆ. ಪಬ್ಬಿನಲ್ಲಾಗಿದ್ದರೆ ಅವನೂ ಒಬ್ಬನನ್ನು ಆರಿಸಿಕೊಂಡ ಹಾಗಾಗುತ್ತಿತ್ತು.

ನನ್ನ ಮಟ್ಟಿಗೆ ಸಿನಿಮಾದ ಗಟ್ಟಿ ಭಾಗ ವರ್ಗದ್ದು. ಡೈಯರ್ ಲಂಡನ್ನಿನ ಬಡ ಕಾರ್ಮಿಕರ ಪ್ರದೇಶ ಈಸ್ಟ್ ಎಂಡ್‌ನ ಚಿಲ್ಲರೆ ಕಳ್ಳ, ಬೇಕನ್‌ಗಿಂತ ಸುಮಾರು 25 ವರ್ಷ ಚಿಕ್ಕವನು. ಮಂಚದ ಬಳಿ ಬೆಲ್ಟ್ ಹಿಡಿದು ಯಜಮಾನನಂತೆ ನಿಲ್ಲುವವನು ಇವನೇ, ಬೆಳಗಾದರೆ ಹಣಕ್ಕೆ ಕೈಚಾಚುವವನೂ ಇವನೇ. ಕ್ಲಬ್ಬಿನ ಮಂದಿ ಅವನನ್ನು ಕಿಚಾಯಿಸುವಾಗ ಬೇಕನ್ ತಡೆಯುವುದಿಲ್ಲ. 'ನಾನು ಸಲಿಂಗಿ' ಎಂದು ಯಾರೂ ಘೋಷಿಸದ ಈ ಸಿನಿಮಾದಲ್ಲಿ ಕೊಲ್ಲುವುದು ಈ ಅಸಡ್ಡೆ.

1971ರ ಅಕ್ಟೋಬರ್ 26ರಂದು ಪ್ಯಾರಿಸ್‌ನ ಗ್ರಾಂ ಪಲೇಯಲ್ಲಿ ಬೇಕನ್‌ನ ದೊಡ್ಡ ಪ್ರದರ್ಶನ ಶುರುವಾಯಿತು. ಎರಡು ದಿನ ಮೊದಲು ಡೈಯರ್ ಹೋಟೆಲ್ ಕೋಣೆಯ ಬಾತ್‌ರೂಮಿನಲ್ಲಿ ಸತ್ತಿದ್ದ. ಮದ್ಯ, ಮಾತ್ರೆ. ಸಿನಿಮಾ ಆ ಸಮಾರಂಭವನ್ನೂ ಈ ಸಾವನ್ನೂ ಹೆಣೆಯುತ್ತದೆ. ಇಲ್ಲಿ ಪುಸ್ತಕದಲ್ಲಿ 1973ರ ಮೇ-ಜೂನ್ ತ್ರಿಫಲಕ ಚಿತ್ರದ ಪುಟ ತೆರೆಯಿರಿ, ಬಲದಿಂದ ಎಡಕ್ಕೆ ನೋಡಿ: ಬೇಸಿನ್‌ಗೆ ವಾಂತಿ ಮಾಡುತ್ತಿರುವ ಡೈಯರ್, ಬಲ್ಬಿನ ಕೆಳಗೆ ಕತ್ತಲಲ್ಲಿ ಡೈಯರ್, ಕಮೋಡಿನ ಮೇಲೆ ಮುದುಡಿ ಕೂತ ಡೈಯರ್. ನಡುವಿನ ಫಲಕದಲ್ಲಿ ಒಂದು ಕಪ್ಪು ನೆರಳು ಬಾವಲಿಯ ಹಾಗೆ ಬಾಗಿಲು ದಾಟಿ ಈಚೆಗೆ ಹರಿದು ಬಂದಿದೆ.