ಗುಡ್ಡ ಎಲ್ಲಿ ಹೋಯ್ತಲೇ?

ಬಳ್ಳಾರಿಯಲ್ಲಿ ಸಿನಿಮಾ ನೋಡುವವರಿಗೇನೂ ಬರವಿಲ್ಲ. ಕನ್ನಡ, ತೆಲುಗು, ಹಿಂದಿ, ಯಾವುದು ಬಂದರೂ ನೋಡುತ್ತೇವೆ. ಆದರೆ ನಮ್ಮ ಕಾಲೇಜಿನ ಪತ್ರಿಕೋದ್ಯಮ ವಿಭಾಗಕ್ಕೆ ಸೇರಿದಾಗ, ಒಂದು ಶಾಟ್ ಇನ್ನೊಂದಕ್ಕೆ ಹೇಗೆ ಕೂಡುತ್ತದೆ ಅಂತ ಯೋಚಿಸಿದವರು ನಮ್ಮಲ್ಲಿ ಯಾರೂ ಇರಲಿಲ್ಲ. ಕ್ಯಾಮೆರಾ ಹಿಡಿದವನೇ ಡೈರೆಕ್ಟರ್ ಅಂದುಕೊಂಡಿದ್ದೆವು.

ವಿಭಾಗದಲ್ಲಿ ಇದ್ದದ್ದು ಒಂದೇ ಮಿನಿ ಡಿವಿ ಕ್ಯಾಮೆರಾ. ಒಂದು ಟೇಪಿಗೆ 60 ನಿಮಿಷ. ಅದನ್ನು ಕಂಪ್ಯೂಟರಿಗೆ ಇಳಿಸಲೂ ಅಷ್ಟೇ ಹೊತ್ತು ಬೇಕು, ಟೇಪ್ ಪೂರ್ತಿ ಓಡಲೇಬೇಕಲ್ಲ. ಹಾಗಾಗಿ ಸುಮ್ನೆ ರೆಕಾರ್ಡ್ ಒತ್ತುವ ಚಟ ನಮಗೆ ಹತ್ತಲಿಲ್ಲ.

ಎರಡನೇ ವರ್ಷ ಒಂದು ಕಿರುಚಿತ್ರ ಮಾಡಬೇಕಿತ್ತು. ಆಗ ಅದಿರಿನ ಲಾರಿಗಳ ಕಾಲ. ಡಿಗ್ರಿ ಬಿಟ್ಟು ಲಾರಿ ಓಡಿಸಲು ಹೋಗುತ್ತೇನೆ ಅನ್ನುವ ಮಗ, ಅದನ್ನು ಕೇಳಿಸಿಕೊಳ್ಳುವ ಅಪ್ಪ. ಇಬ್ಬರೂ ಒಂದು ಹೋಟೆಲಿನ ಹೊರಗೆ ಎದುರುಬದುರು ಕೂತು ಒಗ್ಗರಣಿ-ಮಿರ್ಚಿ ತಿನ್ನುತ್ತಾರೆ. ಇಷ್ಟೇ ಕಥೆ. ಹಿಂದೆ ಕೋಟೆ ಗುಡ್ಡ ಕಾಣುತ್ತಿತ್ತು. ಬೆಳಿಗ್ಗೆ ಚೆನ್ನಾಗಿಯೇ ತೆಗೆದೆವು. ಬಿಸಿಲು ಏರಿದ ಮೇಲೆ ನಮ್ಮ ಕ್ಯಾಮೆರಾದವನು ನೆರಳು ಹುಡುಕಿಕೊಂಡು ಬೆಂಚಿನ ಆಚೆ ಬದಿಗೆ ಹೋದ. ಬಳ್ಳಾರಿ ಬಿಸಿಲು, ಅವನದೇನು ತಪ್ಪು ಹೇಳಿ.

ಶಾಟುಗಳನ್ನು ಮೊದಲ ಸಲ ಒರಟಾಗಿ ಜೋಡಿಸಿದ ರಫ್ ಕಟ್ ನೋಡುತ್ತಾ ಕೂತಿದ್ದ ಸರ್ ಒಮ್ಮೆಲೇ ಕೇಳಿದರು: "ಲೇ, ಗುಡ್ಡ ಎಲ್ಲಿ ಹೋಯ್ತಲೇ?"

ಗುಡ್ಡವಷ್ಟೇ ಅಲ್ಲ, ಅಪ್ಪನೂ ಹೋಗಿದ್ದ. ಮೊದಲ ಶಾಟಿನಲ್ಲಿ ಅಪ್ಪ ಎಡಗಡೆ ಕೂತು ಬಲಕ್ಕೆ ನೋಡುತ್ತಿದ್ದಾನೆ. ಮುಂದಿನ ಶಾಟಿನಲ್ಲಿ ಮಗನೂ ಬಲಕ್ಕೇ ನೋಡುತ್ತಿದ್ದಾನೆ. ಇಬ್ಬರೂ ಸೇರಿ ಯಾರೋ ಮೂರನೆಯವನ ಹತ್ತಿರ ಮಾತಾಡಿದ ಹಾಗಿತ್ತು. ಮಾತಾಡುವ ಇಬ್ಬರ ನಡುವೆ ಒಂದು ಗೆರೆ ಇದೆ ಅಂದುಕೊಂಡು, ಕ್ಯಾಮೆರಾ ಆ ಗೆರೆಯ ಒಂದೇ ಬದಿಯಲ್ಲಿ ಇರಬೇಕು. 180 ಡಿಗ್ರಿ ನಿಯಮ ಅನ್ನುವುದು ಇದಕ್ಕೇ. ನೋಟ್ಸಿನಲ್ಲಿ ಬರೆದುಕೊಂಡಿದ್ದೆವು, ಪರೀಕ್ಷೆಯಲ್ಲೂ ಬರೆದಿದ್ದೆವು! ಸರ್ ಅದನ್ನು ಬಳ್ಳಾರಿಗೆ ಹೊಂದಿಸಿ ಹೇಳಿದರು: "ಗುಡ್ಡ ಯಾವಾಗಲೂ ಅವರ ಆಚೆ, ನೀವು ಈಚೆ. ಮುಗೀತು."

ಅದೇ ವಾರ ನಮ್ಮನ್ನು ಬೆಳಗಲ್ಲು ವೀರಣ್ಣನವರ ತೊಗಲುಗೊಂಬೆ ಆಟಕ್ಕೆ ಕಳಿಸಿದರು. ಸಿನಿಮಾಕ್ಕೂ ಇದಕ್ಕೂ ಏನು ಸಂಬಂಧ ಅಂತ ಗೊಣಗುತ್ತಲೇ ಹೋದೆವು. ಪರದೆಯ ಮೇಲೆ ಎರಡು ಗೊಂಬೆ ಮಾತಿಗೆ ನಿಂತರೆ ಒಂದರ ಮುಖ ಇನ್ನೊಂದರ ಕಡೆ ಇರಬೇಕು. ಒಂದು ತಿರುಗಿತೋ, ಮಾತು ಮುರಿಯಿತು. ನೋಡುವವನಿಗೆ ಸಿಗುವುದು ಒಂದು ಚೌಕಟ್ಟು ಮಾತ್ರ, ಎಡ ಬಲ ಯಾವುದು ಅಂತ ನಾವೇ ಹೇಳಬೇಕು. ಅಲ್ಲಿ ಅರ್ಥವಾದಷ್ಟು ಸಲೀಸಾಗಿ ಪುಸ್ತಕದಲ್ಲಿ ಆಗಿರಲಿಲ್ಲ.

ಹಾಳಾದ ಶಾಟುಗಳಲ್ಲಿ ಒಂದನ್ನು ಮಾತ್ರ ಬಿಡಲು ಮನಸ್ಸಿರಲಿಲ್ಲ, ಅಪ್ಪನ ಪಾತ್ರಧಾರಿ ಅದರಲ್ಲಿ ಅಷ್ಟು ಚೆನ್ನಾಗಿದ್ದ. ಬಾಣಲೆಯಲ್ಲಿ ಮಿರ್ಚಿ ಮಗುಚುವ ಕ್ಲೋಸಪ್ ಒಂದಿತ್ತು. ಮಾತಾಡುವವರನ್ನು ಬಿಟ್ಟು ಬೇರೇನನ್ನೋ ತೋರಿಸುವ ಇಂಥ ಶಾಟಿಗೆ ಕಟ್‌ಅವೇ ಅನ್ನುತ್ತಾರೆ. ಅದನ್ನು ನಡುವೆ ಇಟ್ಟರೆ ನೋಡುವವನ ಕಣ್ಣು ಎಡಬಲದ ಲೆಕ್ಕ ಮರೆತು ಹೊಸದಾಗಿ ಶುರುಮಾಡುತ್ತದೆ. ಕಟ್‌ಅವೇ ಅಂದರೆ ಬರೀ ಅಲಂಕಾರ ಅಲ್ಲ ಅಂತ ಆಗ ತಿಳಿಯಿತು. ಈಗಲೂ ಎಲ್ಲಿಗೆ ಶೂಟಿಂಗ್‌ಗೆ ಹೋದರೂ ಅಂಥ ಎರಡು ಮೂರು ಶಾಟ್ ತೆಗೆದಿಟ್ಟುಕೊಳ್ಳುತ್ತೇನೆ.

ನನಗೆ ಜಾಸ್ತಿ ಖುಷಿ ಕೊಟ್ಟದ್ದು ಚಾ ಗ್ಲಾಸಿನ ಕಟ್. ಅಪ್ಪ ಗ್ಲಾಸ್ ಎತ್ತುವುದನ್ನು ದೂರದಿಂದ ಪೂರ್ತಿ ತೆಗೆದೆವು. ಆಮೇಲೆ ಹತ್ತಿರದಿಂದ, ಮತ್ತೆ ಮೊದಲಿನಿಂದ ಪೂರ್ತಿ. ಕೈ ಅರ್ಧ ದಾರಿಯಲ್ಲಿ ಇರುವಾಗ ದೂರದ ಶಾಟ್ ಕತ್ತರಿಸಿ ಹತ್ತಿರದ್ದನ್ನು ಜೋಡಿಸಿದರೆ ಕಣ್ಣು ಕೈಯ ಹಿಂದೆ ಹೋಗುತ್ತದೆ, ಕಟ್ ಕಾಣುವುದೇ ಇಲ್ಲ. ಕೈ ನಿಂತ ಮೇಲೆ ಕತ್ತರಿಸಿದರೆ ಟಕ್ ಅಂತ ಕಾಣುತ್ತದೆ. ಸೆಕೆಂಡಿಗೆ 25 ಫ್ರೇಮ್, ಅಂದರೆ 25 ಬಿಡಿ ಚಿತ್ರ. ಅದರಲ್ಲಿ ಎರಡು ಮೂರು ಫ್ರೇಮ್ ಆಚೀಚೆ ಮಾಡುತ್ತಾ ಒಂದು ಮಧ್ಯಾಹ್ನ ಕಳೆದೆವು. ನಡುವೆ ಕರೆಂಟ್ ಹೋಯಿತು, ಅದು ಬಿಡಿ.

ಒಂದು ಶಾಟಿನಲ್ಲಿ ಇದ್ದದ್ದು ಮುಂದಿನದರಲ್ಲೂ ಹಾಗೇ ಇರಲಿ ಅಂತ ಬರೆದಿಡುವ ಕಂಟಿನ್ಯುಟಿ ಬುಕ್ ನಮ್ಮ ಕ್ಲಾಸಿನ ಒಬ್ಬ ಹುಡುಗಿಯ ಕೈಯಲ್ಲಿತ್ತು. ಜೇಬಿನ ಪೆನ್ನು, ಬಿಚ್ಚಿದ ಗುಂಡಿ, ಗ್ಲಾಸಿನಲ್ಲಿ ಚಾ ಎಷ್ಟು, ಬೆಂಚಿನ ನೆರಳು ಎಲ್ಲಿಗೆ ಬಂತು, ಎಲ್ಲ ಬರೆಯುತ್ತಿದ್ದಳು. "ಅಣ್ಣಾ, ಗಡಿಯಾರ ಎಡಗೈಗೆ ಹಾಕ್ರಿ" ಅಂತ ಅವಳು ಕೂಗಿದರೆ ಶಾಟ್ ನಿಲ್ಲುತ್ತಿತ್ತು. ನಮ್ಮ ತಂಡದಲ್ಲಿ ನಿಜವಾದ ಡೈರೆಕ್ಟರ್ ಅವಳೇ ಅಂತ ನನ್ನ ಅಭಿಪ್ರಾಯ. ಪೋಸ್ಟರಿನಲ್ಲಿ ಹೆಸರು ಮಾತ್ರ ಸಣ್ಣ ಅಕ್ಷರದಲ್ಲಿ.

ಲಾರಿಗಳು ಮಾತ್ರ ಅವಳ ಪುಸ್ತಕಕ್ಕೆ ಸಿಗಲಿಲ್ಲ. ಅಪ್ಪನ ಶಾಟಿನಲ್ಲಿ ಹಾರ್ನ್ ಶುರುವಾದರೆ ಮಗನ ಶಾಟಿನಲ್ಲಿ ಪೂರ್ತಿ ಮೌನ. ಕೊನೆಗೆ ಅದೇ ಬೆಂಚಿನ ಮೇಲೆ ಎಲ್ಲರೂ ಬಾಯಿ ಮುಚ್ಚಿಕೊಂಡು ಕೂತು ಬರೀ ರಸ್ತೆಯ ಸದ್ದು ರೆಕಾರ್ಡ್ ಮಾಡಿದೆವು. ಆ ಸದ್ದನ್ನು ಇಡೀ ದೃಶ್ಯದ ಅಡಿಗೆ ಹಾಸಿದ ಮೇಲೆ ತುಂಡು ತುಂಡಾಗಿದ್ದದ್ದು ಒಂದೇ ಜಾಗ ಆಯಿತು.

ಅಮೆರಿಕದ ಸಿನಿಮಾ ಎಡಿಟರ್ ವಾಲ್ಟರ್ ಮರ್ಚ್ ಒಂದು ಒಳ್ಳೆಯ ಕಟ್‌ಗೆ ಆರು ಗುಣ ಹೇಳಿ ಒಟ್ಟು ನೂರರಲ್ಲಿ ಅಂಕ ಹಂಚಿದ್ದಾರೆ. ಭಾವಕ್ಕೆ 51, ಕಥೆಗೆ 23. ಯಾರು ಎಲ್ಲಿ ನಿಂತಿದ್ದಾರೆ ಅನ್ನುವ ಜಾಗದ ಹೊಂದಾಣಿಕೆಗೆ ಕೊನೆಯಲ್ಲಿ ಬರೀ 4. ಇದನ್ನು ಸರ್ ನಮಗೆ ಹೇಳಿದ್ದು ಕೊನೆಯ ದಿನಗಳಲ್ಲಿ. ಮೊದಲೇ ಹೇಳಿದ್ದರೆ ಆ 4 ಅಂಕವನ್ನು ನಾವು ಮುಟ್ಟುತ್ತಲೂ ಇರಲಿಲ್ಲ ಅನಿಸುತ್ತದೆ.

ಅದನ್ನು ಕೇಳಿದ ಧೈರ್ಯದ ಮೇಲೆ ಒಂದು ಕಡೆ ಬೇಕೆಂತಲೇ ಹೊಂದಾಣಿಕೆಯ ನಿಯಮ ಬಿಟ್ಟೆವು. "ನಾ ಓದಂಗಿಲ್ಲಪ್ಪಾ" ಅನ್ನುವ ಮಗನ ಮುಖ ಒಂದೇ ಟೇಕಿನಲ್ಲಿ ಸರಿಯಾಗಿ ಬಂದಿತ್ತು, ಆದರೆ ಆ ಟೇಕಿನಲ್ಲಿ ಪ್ಲೇಟು ಬೇರೆ. ಬುಕ್ಕಿನ ಹುಡುಗಿ ಒಪ್ಪಲಿಲ್ಲ, ಜಗಳವಾಯಿತು, ಮುಖವೇ ಗೆದ್ದಿತು. ಕಾಲೇಜು ಹಾಲಿನಲ್ಲಿ ಚಿತ್ರ ತೋರಿಸಿದಾಗ ಯಾರೂ ಗಮನಿಸಲಿಲ್ಲ. ಎಲ್ಲ ಮುಗಿದ ಮೇಲೆ, ನಾವು ಕರೆದಿದ್ದ ಹೋಟೆಲಿನ ಯಜಮಾನರು ನನ್ನ ಹತ್ತಿರ ಬಂದರು.

"ಚಲೋ ಐತಿ ತಮ್ಮಾ. ಆದ್ರ ನಾ ಪ್ಲೇಟಿಗೆ ಎರಡೇ ಮಿರ್ಚಿ ಕೊಡೋದು. ಆ ಹುಡುಗಗ ಮೂರನೇದು ಯಾರು ಕೊಟ್ರು?"