ಪೂರ್ಣಾಂಕ ಮೊದಲು, ಭಿನ್ನರಾಶಿ ಆಮೇಲೆ

ಅಳತೆಯ ಸಾಧನಗಳ ನಿಖರತೆಯನ್ನು ಪರೀಕ್ಷಿಸುವ ನಮ್ಮ ಕ್ಯಾಲಿಬ್ರೇಷನ್ ಪ್ರಯೋಗಾಲಯಕ್ಕೆ ಹೊಸದಾಗಿ ಸೇರಿದವರೆಲ್ಲ, ಬೆಳಕಿನಿಂದ ಉದ್ದ ಅಳೆಯುವ ಇಂಟರ್‌ಫೆರೋಮೀಟರಿನ ವ್ಯತಿಕರಣ ಪಟ್ಟಿಗಳನ್ನು, ಅಂದರೆ ಎರಡು ಬೆಳಕಿನ ಕಿರಣಗಳು ಸೇರಿದಾಗ ಮೂಡುವ ಬೆಳಕು-ಕತ್ತಲೆಯ ಗೆರೆಗಳನ್ನು, ಕಂಡು ಬೆರಗಾಗುತ್ತಾರೆ. ಬೆರಗಾಗಬೇಕಾದದ್ದೇ. ಹೀಲಿಯಂ-ನಿಯಾನ್ ಲೇಸರಿನ ಕೆಂಪು ಬೆಳಕಿನ ತರಂಗದೂರ 632.8 ನ್ಯಾನೋಮೀಟರ್. ಉದ್ದದ ಮಾನಕವಾಗಿ ಬಳಸುವ ಲೋಹದ ತುಂಡಾದ ಗೇಜ್ ಬ್ಲಾಕಿನ ಉದ್ದ ಅದರ ಅರ್ಧದಷ್ಟು ಬದಲಾದರೆ ಪಟ್ಟಿ ಪೂರ್ತಿ ಒಂದು ಸ್ಥಾನ ಸರಿಯುತ್ತದೆ. ಅದರ ಹತ್ತನೇ ಒಂದು ಭಾಗವನ್ನು ಪಳಗಿದ ಕಣ್ಣೇ ಅಂದಾಜು ಮಾಡಬಲ್ಲದು. ಆದರೆ ಪಟ್ಟಿ ತಿಳಿಸುವುದು ಭಿನ್ನರಾಶಿಯನ್ನಷ್ಟೇ. ಬ್ಲಾಕಿನೊಳಗೆ ಇಂಥ ಅರ್ಧ ತರಂಗಗಳು ಒಟ್ಟು ಎಷ್ಟು ಹಿಡಿಯುತ್ತವೆ, ಅಂದರೆ ಪೂರ್ಣಾಂಕ ಎಷ್ಟು, ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ.

ಈ ಕಗ್ಗಂಟನ್ನು ಅಮೆರಿಕದ ಭೌತವಿಜ್ಞಾನಿ ಆಲ್ಬರ್ಟ್ ಮೈಕೆಲ್‌ಸನ್ ಬಿಡಿಸಿದ ರೀತಿ ನನ್ನ ಕೆಲಸಕ್ಕೆ ದಾರಿ ತೋರಿಸಿತು. ಬೆಳಕು ಸಾಗುವ ಮಾಧ್ಯಮವೆಂದು ಆಗ ನಂಬಿದ್ದ ಈಥರನ್ನು ಹುಡುಕಿದ 1887ರ ಪ್ರಯೋಗದಿಂದ ಅವರು ಎಲ್ಲರಿಗೂ ಪರಿಚಿತರು. ಅಳತೆಯ ಕಸುಬಿನಲ್ಲಿರುವ ನನಗೆ ಅವರು 1892-93ರಲ್ಲಿ ಪ್ಯಾರಿಸ್ ಬಳಿಯ ಸೆವ್ರ್‌ನಲ್ಲಿ ಮಾಡಿದ ಕೆಲಸವೇ ಹೆಚ್ಚು ದೊಡ್ಡದು. ಅಲ್ಲಿ ಅವರು ಮೀಟರಿನ ಉದ್ದವನ್ನು ಕ್ಯಾಡ್ಮಿಯಂನ ಕೆಂಪು ಬೆಳಕಿನ ತರಂಗಗಳಲ್ಲಿ ಅಳೆದರು. ಹದಿನೈದು ಲಕ್ಷ ತರಂಗಗಳನ್ನು ಒಂದೊಂದಾಗಿ ಎಣಿಸುತ್ತಾ ಕೂತರೆ ಎಲ್ಲೋ ಒಂದು ಕಡೆ ಎಣಿಕೆ ತಪ್ಪುವುದು ಖಂಡಿತ. ಅದಕ್ಕಾಗಿ ಒಂಬತ್ತು ಮಧ್ಯಂತರ ಮಾನಕಗಳನ್ನು, ಅಂದರೆ ಹಂತಹಂತದ ಅಳತೆಗೋಲುಗಳನ್ನು, ಮಾಡಿಸಿದರು: ಚಿಕ್ಕದು ಸುಮಾರು 0.39 ಮಿಲಿಮೀಟರ್, ಮುಂದಿನ ಪ್ರತಿಯೊಂದೂ ಹಿಂದಿನದರ ಸರಿಸುಮಾರು ಎರಡರಷ್ಟು, ಕೊನೆಯದು 10 ಸೆಂಟಿಮೀಟರ್. ನೇರವಾಗಿ ಎಣಿಸಿದ್ದು ಚಿಕ್ಕದರಲ್ಲಿ ಮಾತ್ರ. ನಂತರ ಪ್ರತಿ ಹಂತದಲ್ಲೂ ಹಿಂದಿನ ಸಂಖ್ಯೆಯನ್ನು ಇಮ್ಮಡಿಸಿ, ಉಳಿದ ಅಲ್ಪ ವ್ಯತ್ಯಾಸವನ್ನು ಸೇರಿಸಿದರೆ ಪೂರ್ಣಾಂಕ ಖಚಿತವಾಗುತ್ತಿತ್ತು; ಭಿನ್ನರಾಶಿಯನ್ನು ಬೆಳಕಿನಿಂದ ಹೊಸದಾಗಿ ಓದುತ್ತಿದ್ದರು. ಹೀಗಾಗಿ ಒಂದು ಹಂತದ ಸಣ್ಣ ದೋಷ ಮುಂದಿನ ಹಂತದಲ್ಲಿ ಬೆಳೆಯುತ್ತಾ ಹೋಗಲಿಲ್ಲ. 15 ಡಿಗ್ರಿ ಸೆಲ್ಸಿಯಸ್ ಗಾಳಿಯಲ್ಲಿ ಸಿಕ್ಕ ಉತ್ತರ 15,53,163.5 ತರಂಗಗಳು. 1907ರಲ್ಲಿ ಅವರಿಗೆ ನೊಬೆಲ್ ಬಂದದ್ದು ನಿಖರ ದೃಗುಪಕರಣಗಳಿಗೆ ಮತ್ತು ಅವುಗಳಿಂದ ನಡೆಸಿದ ಇಂಥ ಅಳತೆಗಳಿಗೆ. 1960ರಲ್ಲಿ ಮೀಟರಿನ ವ್ಯಾಖ್ಯೆಯೇ ಲೋಹದ ಸರಳನ್ನು ಬಿಟ್ಟು ಕ್ರಿಪ್ಟಾನ್ ಬೆಳಕಿಗೆ ಬಂತು.

“ಲೇಸರ್ ಇರುವಾಗ ಯಾಂತ್ರಿಕ ಕಂಪ್ಯಾರೇಟರ್ ಏಕೆ ಸರ್?” ಎಂದು ಕಿರಿಯರು ಕೇಳುತ್ತಾರೆ. ಗೊತ್ತಿರುವ ಉದ್ದದ ಬ್ಲಾಕಿನೊಂದಿಗೆ ಹೋಲಿಸಿ ಅಳೆಯುವ ಆ ಉಪಕರಣವೇ ಪೂರ್ಣಾಂಕ ಕೊಡುವುದು. ಅದರ ಅಳತೆ ಅರ್ಧ ಪಟ್ಟಿಗಿಂತ, ಅಂದರೆ 158 ನ್ಯಾನೋಮೀಟರಿಗಿಂತ, ಹೆಚ್ಚು ಅಲುಗಾಡಿದರೆ ಒಂದೇ ಬಣ್ಣದ ಬೆಳಕಿನಿಂದ ಪಡೆದ ಫಲಿತಾಂಶವನ್ನು ನಾನು ಒಪ್ಪುವುದಿಲ್ಲ. ಎರಡನೇ ಬಣ್ಣದಲ್ಲೂ ಓದಬೇಕು. ಎರಡೂ ಭಿನ್ನರಾಶಿಗಳಿಗೆ ಒಟ್ಟಿಗೆ ಹೊಂದುವ ಉದ್ದವನ್ನಷ್ಟೇ ದಾಖಲಿಸಬೇಕು.

ಇನ್ನು ಉಷ್ಣತೆ. 100 ಮಿಲಿಮೀಟರಿನ ಉಕ್ಕಿನ ಬ್ಲಾಕ್ 0.1 ಡಿಗ್ರಿ ಬಿಸಿಯಾದರೂ ಸುಮಾರು 115 ನ್ಯಾನೋಮೀಟರ್ ಹಿಗ್ಗುತ್ತದೆ, ಅಂದರೆ ಮೂರನೇ ಒಂದು ಪಟ್ಟಿಗಿಂತಲೂ ಹೆಚ್ಚು. ಕೈಯಿಂದ ಮುಟ್ಟಿದ ಬ್ಲಾಕ್ ಅಳತೆಗೆ ನಿಗದಿಯಾದ 20 ಡಿಗ್ರಿಗೆ ಮರಳಿ ನೆಲೆಗೊಳ್ಳುವವರೆಗೆ ನಮ್ಮಲ್ಲಿ ಯಾರೂ ಪಟ್ಟಿಯನ್ನು ಓದುವುದಿಲ್ಲ, ಗ್ರಾಹಕರು ಎಷ್ಟೇ ಅವಸರಪಡಿಸಿದರೂ.